ತವರಿನ ಹೆಸರು ಹಿಡಿದು ಹೊರಡಿ

ಕ್ವಿಬೆಕ್ ಮೂಲದ ಹಿರೀಕರನ್ನು ಹುಡುಕುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಗಂಡಸಿನ ಮನೆತನದ ಹೆಸರೊಂದನ್ನೇ ನೆಚ್ಚಿಕೊಂಡು ಹೊರಡಬೇಡಿ. ನಡುದಾರಿಯಲ್ಲಿ ಅದು ಕೈಕೊಡುತ್ತದೆ.

1665ರಲ್ಲಿ ಫ್ರಾನ್ಸಿನಿಂದ ಕ್ವಿಬೆಕ್‌ಗೆ ಬಂದ ಕರಿಞಾನ್-ಸಾಲಿಯೇರ್ ಪಡೆಯನ್ನೇ ನೋಡಿ. ಆ ಕಾಲದ ಸಿಪಾಯಿಗೆ ದಂಡಿನಲ್ಲೊಂದು ಬೇರೆಯೇ ಹೆಸರು. ಹೂವಿನ ಹೆಸರಿನ ಲಾಫ್ಲರ್, ಚಿಂತೆಯೇ ಇಲ್ಲದ ಸಾನ್ಸೂಸಿ, ಇಂಥವು. ಸುಮಾರು 400 ಮಂದಿ ಅಲ್ಲೇ ನೆಲೆ ನಿಂತರು, ಹೆಸರುಗಳೂ ನಿಂತವು. ಸಿಪಾಯಿಗಳಲ್ಲದವರಿಗೂ ಇಂಥ ಎರಡನೆಯ ಹೆಸರಿತ್ತು. ದಾಖಲೆಯಲ್ಲಿ ಎರಡರ ನಡುವೆ ‘ದಿ’ ಎಂದು ಬರೆಯುತ್ತಿದ್ದರು: ಮಿವಿಲ್ ದಿ ದೆಶೆನ್, ಯೂದೊನ್ ದಿ ಬೋಲಿಯೂ. ಅಣ್ಣ ಮೊದಲನೆಯದನ್ನು ಉಳಿಸಿಕೊಂಡರೆ ತಮ್ಮ ಎರಡನೆಯದನ್ನು ಹಿಡಿದದ್ದುಂಟು. ಮುಂದೆ ನ್ಯೂ ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಗೆ ದುಡಿಯಲು ಹೋದವರಲ್ಲಿ ಬುವಾವೇರ್ ಎಂಬವರು ಗ್ರೀನ್‌ವುಡ್ ಆದರು, ರುವಾಗಳು ಕಿಂಗ್ ಆದರು.

ಮಕ್ಕಳ ಹೆಸರಿನಲ್ಲೂ ಎಚ್ಚರ ಬೇಕು. ದೀಕ್ಷಾಸ್ನಾನದ ಪುಸ್ತಕದಲ್ಲಿ ಗಂಡುಮಗು ಜೋಸೆಫ್, ಹೆಣ್ಣುಮಗು ಮರೀ ಎಂದೇ ಶುರು. ಆಮೇಲೆ ಜ್ಞಾನಪಿತರ ಹೆಸರು, ಕೊನೆಗೆ ಮನೆಯಲ್ಲಿ ಕೂಗುವ ಹೆಸರು. ಸಾಮಾನ್ಯವಾಗಿ ಕ್ರಮ ಇದು. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದೂ ಇತ್ತು. ಒಂದೇ ದಂಪತಿಗೆ ಇಬ್ಬರು ಪಿಯೇರ್ ಸಿಕ್ಕರೆ ಸಮಾಧಿಯ ಪುಸ್ತಕ ನೋಡದೆ ಮುಂದೆ ಹೋಗಬಾರದು.

ಹಾಗಾದರೆ ನಂಬುವುದು ಯಾವುದನ್ನು? ಮದುವೆ ದಾಖಲೆಯನ್ನು. ಪಾದ್ರಿ ಒತ್ತೊತ್ತಾಗಿ ಬರೆದ ಒಂದೇ ಕಂಡಿಕೆ ಅದು. ವರನ ತಂದೆತಾಯಿ, ವಧುವಿನ ತಂದೆತಾಯಿ, ಅವರ ಊರು, ಸಾಕ್ಷಿಗಳು, ಕೊನೆಗೆ ಯಾರಿಗೆ ಸಹಿ ಹಾಕಲು ಬರುವುದಿಲ್ಲ ಎಂಬುದು. ಅಪ್ಪನ ಹೆಸರಿನ ಹಿಂದೆ ದಿವಂಗತ ಎಂದಿದ್ದರೆ ಅವನ ಸಾವನ್ನು ಆ ತಾರೀಕಿನ ಹಿಂದೆ ಹುಡುಕಬೇಕು. ಎಲ್ಲಕ್ಕಿಂತ ಮುಖ್ಯ, ತಾಯಂದಿರ ಹೆಸರು ತವರಿನದೇ. ಆ ಪುಸ್ತಕಗಳಲ್ಲಿ ಹೆಣ್ಣು ಮಣ್ಣಾಗುವವರೆಗೂ ಹುಟ್ಟುಹೆಸರಿನಲ್ಲೇ ಇರುತ್ತಾಳೆ. ಗಂಡನ ಹೆಸರು ಮೂರು ಬಗೆಯಾದರೂ ಹೆಂಡತಿಯ ಹೆಸರು ಜೊತೆಗಿದ್ದರೆ ದಂಪತಿ ಸಿಕ್ಕಿಬೀಳುತ್ತಾರೆ. ಒಂದು ಮದುವೆಯಿಂದ ಹಿಂದಿನ ಮದುವೆಗೆ, ಅಲ್ಲಿಂದ ಅದರ ಹಿಂದಿನದಕ್ಕೆ ಹೋಗುತ್ತಿರಬೇಕು. ಪುಸ್ತಕಗಳ ಎರಡು ಪ್ರತಿ ಮಾಡಿ ಒಂದನ್ನು ಚರ್ಚಿನಲ್ಲೂ ಇನ್ನೊಂದನ್ನು ನ್ಯಾಯಾಲಯದಲ್ಲೂ ಇಡುತ್ತಿದ್ದ ಪದ್ಧತಿಗೆ ನಾವೆಲ್ಲ ಋಣಿಗಳು. ಪಾದ್ರಿ ಸಿಪ್ರಿಯೆನ್ ತಾಂಗೆ 1871ರಿಂದ 1890ರವರೆಗೆ ತಂದ ಏಳು ಸಂಪುಟಗಳ ವಂಶಾವಳಿ ನಿಘಂಟಿನ ಮೇಲೆ ನನಗೆ ಅಪಾರ ಗೌರವ. ಆದರೂ 1730ರವರೆಗಿನ ಕುಟುಂಬಗಳಿಗೆ ರೆನೆ ಜೆತೆಯವರ 1983ರ ನಿಘಂಟಿನೊಡನೆ ತಾಳೆ ನೋಡಲೇಬೇಕು.

ಗಂಡಿನ ಹೆಸರು ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಲೇಖಕ ಜಾಕ್ ಕೆರುವಾಕ್‌ಗಿಂತ ದೊಡ್ಡ ಉದಾಹರಣೆ ಬೇಡ. 1965ರಲ್ಲಿ ಅವರು ಮೂಲಪುರುಷನನ್ನು ಹುಡುಕಿಕೊಂಡು ಫ್ರಾನ್ಸಿಗೆ ಹೋಗಿ ಬರಿಗೈಯಲ್ಲಿ ಮರಳಿದರು. ಆ ಪೂರ್ವಜ ಬ್ರಿಟನಿಯ ಯೂಯೆಲ್ಗೋವಾ ಊರಿನ ನೋಟರಿಯ ಮಗ, ನಿಜವಾದ ಹೆಸರು ಲ ಬಿಯಾನ್. ಕೆನಡಾದಲ್ಲಿ ಬೇರೆ ಹೆಸರಿಟ್ಟುಕೊಂಡಿದ್ದ. ಇದು ಬಯಲಾದದ್ದು ಜಾಕ್ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ. 1732ರಲ್ಲಿ ಕಾಪ್-ಸೇಂತ್-ಇನ್ಯಾಸ್‌ನಲ್ಲಿ ಅವನ ಕೈ ಹಿಡಿದವಳು ಲೂಯೀಸ್ ಬರ್ನಿಯೇ. ಅವಳ ತವರಿನ ಜಾಡು ಹಿಡಿದರೆ 1656ರಲ್ಲಿ ಕ್ವಿಬೆಕ್‌ನಲ್ಲಿ ಮದುವೆಯಾದ ಜಾಕ್ ಬರ್ನಿಯೇ ಮತ್ತು ಆಂತ್ವಾನೆತ್ ಗ್ರೆನಿಯೇ ದಂಪತಿಯನ್ನು ಮುಟ್ಟಬಹುದು.