ಕೋಣ ಬಿಟ್ಟ ಲೆಕ್ಕ
ಕಂಬಳದ ಋತುವಿನಲ್ಲಿ ಎಲ್ಲೂರಿನ ಹೋಟೆಲುಗಳಲ್ಲಿ ಕೇಳುವ ಮಾತನ್ನು ನಾನು ವಿಮರ್ಶೆಯೆಂದೇ ಎಣಿಸುತ್ತೇನೆ. ‘ಬಲದ್ದು ಅರ್ಧ ಕರೆಯಲ್ಲೇ ಸೋತಿತ್ತು, ಎಡದ್ದು ಎಳೆದು ತಂದಿತು’ ಎನ್ನುವವರು ಓಟಗಾರನ ಹೆಸರೆತ್ತುವುದು ಆಮೇಲೆ.

2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಪತ್ರಿಕೆಗಳು ಅದನ್ನು ಭಾಗಿಸಿ, 100 ಮೀಟರಿಗೆ 9.55 ಎಂದು ಉಸೇನ್ ಬೋಲ್ಟರ 9.58ರ ಪಕ್ಕದಲ್ಲಿಟ್ಟವು. ಭಾಗಾಕಾರ ಸರಿ, ಓದು ತಪ್ಪು. ಬೋಲ್ಟರನ್ನು ಎಳೆಯಲು ಕೋಣಗಳಿರಲಿಲ್ಲ, ಕಾಲಡಿ ಕೆಸರೂ ಇರಲಿಲ್ಲ. ಗೌಡರೇ ಶ್ರೇಯವನ್ನು ಕೋಣಗಳಿಗೆ ಕೊಟ್ಟರೂ ಹೋಲಿಕೆಯಲ್ಲಿ ಅವು ಮಾಯವಾದವು.

ನಮ್ಮ ಅಭಿಮಾನಿಗಳಲ್ಲಿ ಪಕ್ಷಪಾತ ಧಾರಾಳ. ಯಾರ ಮನೆಯ ಕೋಣ ಎಂಬುದರ ಮೇಲೆ ತೀರ್ಪು ಬದಲಾಗುವುದೂ ಉಂಟು. ಆದರೂ ಜೋಡಿಯನ್ನು ಬಿಟ್ಟು ಓಟವನ್ನು ಅವರು ಅಳೆಯುವುದಿಲ್ಲ. ನನ್ನ ತಕರಾರು ಒಂದೇ: ಇಷ್ಟು ಸೂಕ್ಷ್ಮವಾಗಿ ನೋಡುವವರು ಬೆನ್ನ ಮೇಲಿನ ಬೆತ್ತದ ಬರೆಯ ಮಾತು ಬಂದರೆ ಚಾ ಹೀರುತ್ತಾರೆ.