ತೊಟ್ಟಿಯ ನೀರೂ ವೈದ್ಯರ ಬಾಗಿಲೂ

ಗಾಂಧೀಜಿಯವರು 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದಾಗ ಬರೆದ ‘ಆರೋಗ್ಯದ ಕೀಲಿಕೈ’ ಎಂಬ ಗುಜರಾತಿ ಪುಸ್ತಿಕೆಯಲ್ಲಿ ಜಲಚಿಕಿತ್ಸೆಯ ಭಾಗ ಕಿರಿದು, ಆದರೆ ಗಟ್ಟಿ. ಜರ್ಮನಿಯ ಲೂಯಿ ಕೂನೆಯ ಕಟಿಸ್ನಾನವನ್ನು ಬರಿದೆ ಕೊಂಡಾಡದೆ, ನೀರಿನ ತಂಪು, ತೊಟ್ಟಿಯಲ್ಲಿ ಕೂಡುವ ಹೊತ್ತು (5ರಿಂದ 30 ನಿಮಿಷ) ಇವನ್ನೆಲ್ಲ ಮನೆಯ ಹಿರಿಯರಂತೆ ಬಿಡಿಸಿ ಹೇಳುತ್ತಾರೆ. ಗದ್ಯದ ಸೊಗಸು ಇಲ್ಲಿದೆ. ಕೊರತೆಯೂ ಇಲ್ಲಿಯೇ ಇದೆ: ತೊಟ್ಟಿ ಬಿಟ್ಟು ವೈದ್ಯರ ಬಾಗಿಲು ತಟ್ಟುವ ಘಳಿಗೆ ಯಾವುದೆಂಬುದು ಅಷ್ಟು ಸ್ಪಷ್ಟವಾಗಿಲ್ಲ. ತಣ್ಣೀರು ಜ್ವರದ ಕಾವನ್ನು ತಗ್ಗಿಸೀತು. ವಿಷಮಶೀತಜ್ವರದ ರೋಗಾಣುವನ್ನು ಕೊಲ್ಲಲಾರದು. ಹುಬ್ಬಳ್ಳಿ-ಧಾರವಾಡದ ನಡುವಿನ ಬೈರಿದೇವರಕೊಪ್ಪದಂಥ ಊರುಗಳಲ್ಲಿ, ನೀರನ್ನು ಕೊಡದಲ್ಲಿ ತುಂಬಿಟ್ಟು ಬಾಳಿದವರಿಗೆ, ತೊಟ್ಟಿ ತುಂಬ ನೀರೇನೂ ಅಗ್ಗದ ಮದ್ದಲ್ಲ. ಪುಸ್ತಿಕೆ ಓದತಕ್ಕದ್ದು ನಿಜ. ಆದರೆ ಆರೈಕೆಯ ಪಾಠವೆಂದು, ಔಷಧಕ್ಕೆ ಬದಲೆಂದಲ್ಲ.