ನಿಷೇಧವೋ, ಮಾಡಬಾರದ್ದೋ? ನೀನಾ ಟ್ಯಾನೆನ್‌ವಾಲ್ಡ್ ವಾದಕ್ಕೆ ತೊರಪಳ್ಳಿಯಿಂದ ಒಂದು ಪ್ರಶ್ನೆ

1945ರ ನಂತರ ಯಾವ ಯುದ್ಧದಲ್ಲೂ ಅಣುಬಾಂಬು ಯಾಕೆ ಬೀಳಲಿಲ್ಲ? ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞೆ ನೀನಾ ಟ್ಯಾನೆನ್‌ವಾಲ್ಡ್ ಹೆಸರಾದದ್ದು ಈ ಪ್ರಶ್ನೆಯಿಂದ. ತಿರುಗೇಟಿನ ಭಯವೊಂದೇ ಕಾರಣವಲ್ಲ ಅಂತಾರೆ ಅವರು. ಉತ್ತರ ವಿಯೆಟ್ನಾಮಿನ ಕೈಲಿ ಬಾಂಬೇ ಇರಲಿಲ್ಲ, ಆದರೂ ಅಮೆರಿಕ ಅಲ್ಲಿ ಹಾಕಲಿಲ್ಲ. ಅದೊಂದು ‘ಟ್ಯಾಬೂ’ ಆಗಿಬಿಟ್ಟಿತ್ತು ಅನ್ನೋದು 2007ರ ‘ದ ನ್ಯೂಕ್ಲಿಯರ್ ಟ್ಯಾಬೂ’ ಪುಸ್ತಕದ ವಾದ.

ಟ್ಯಾಬೂ ಅಂದ ಕೂಡಲೇ ನಾವು ‘ನಿಷೇಧ’ ಅಂತ ಬರೆದುಬಿಡ್ತೀವಿ. ನನಗೆ ಅದು ಒಪ್ಪಿಗೆಯಿಲ್ಲ. ನಿಷೇಧ ಸರ್ಕಾರ ಹೊರಡಿಸುವಂಥದ್ದು, ಇನ್ನೊಂದು ಸರ್ಕಾರ ತೆಗೆಯಬಹುದು. ಅವರು ಹೇಳುತ್ತಿರುವುದು ನಮ್ಮ ಮನೆಗಳ ‘ಮಾಡಬಾರದ್ದು’. ಯಾಕೆ ಅಂತ ಕೇಳಿದರೆ ಅಜ್ಜಿಯಿಂದ ಬೈಗುಳವೇ ಸಿಗುತ್ತೆ.

ನನ್ನ ತಕರಾರು ಇರೋದು ಲೆಕ್ಕದಲ್ಲಿ. ಯುದ್ಧದಲ್ಲಿ ಹಾಕಿದರೆ ಮಾತ್ರ ‘ಬಳಕೆ’. ಹಾಗಾದರೆ 1954ರ ಮಾರ್ಚ್ 1ರಂದು ಬಿಕಿನಿಯಲ್ಲಿ ನಡೆದ ಪರೀಕ್ಷೆ? ಅದರ ಬೂದಿ ರೊಂಗೆಲಾಪ್ ದ್ವೀಪದವರ ಮೈಮೇಲೆ, ಜಪಾನಿನ ಮೀನುಗಾರರ ದೋಣಿಯ ಮೇಲೆ ಬಿತ್ತು. ಇಂಥ ಪರೀಕ್ಷೆಗಳ ವಿರುದ್ಧದ ಚಳವಳಿ ಟ್ಯಾಬೂ ಬೆಳೆಸಿತು ಅಂತ ಟ್ಯಾನೆನ್‌ವಾಲ್ಡ್ ಗುರುತಿಸುತ್ತಾರೆ, ನಿಜ. ಆದರೆ ಆ ಮೈಗಳು ಲೆಕ್ಕಕ್ಕೆ ಬರೋದಿಲ್ಲ.

ಈ ಲೆಕ್ಕವನ್ನು ಒಪ್ಪದ ಒಬ್ಬರು ನಮ್ಮ ಪಕ್ಕದವರೇ. ನಾನು ಕೂತಿರುವ ಅವಲಪಲ್ಲಿಗೂ ರಾಜಾಜಿ ಹುಟ್ಟಿದ ತೊರಪಳ್ಳಿಗೂ ಹೊಸೂರೇ ಪೇಟೆ. 1962ರ ಸೆಪ್ಟೆಂಬರಿನಲ್ಲಿ, 83ರ ವಯಸ್ಸಿನಲ್ಲಿ, ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗದಲ್ಲಿ ಅವರು ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಕೆನಡಿಯನ್ನು ಕಂಡರು. ಜೊತೆಗೆ ಬಿ. ಶಿವರಾವ್ ಮತ್ತು ರಂ. ರಾ. ದಿವಾಕರ (ಹೌದು, ‘ವಚನಶಾಸ್ತ್ರ ರಹಸ್ಯ’ದ ದಿವಾಕರರೇ). ಅವರ ಬೇಡಿಕೆ: ಪರೀಕ್ಷೆಯನ್ನೇ ನಿಲ್ಲಿಸಿ. ಹಾಕೋದು, ಹಾಕಿ ನೋಡೋದು ಅನ್ನುವ ವ್ಯತ್ಯಾಸ ಆ ಮುದುಕರಿಗೆ ದೊಡ್ಡದಾಗಿರಲಿಲ್ಲ.

ಅವರು ಕೇಳಿದ್ದು ‘ಮಾಡಬಾರದ್ದು’. ಸಿಕ್ಕಿದ್ದು ನಿಷೇಧ, ಅದೂ ಅರ್ಧ. 1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಸಹಿಯಾದ ಒಪ್ಪಂದ ವಾತಾವರಣ, ಬಾಹ್ಯಾಕಾಶ, ನೀರಿನೊಳಗಿನ ಪರೀಕ್ಷೆಗಳನ್ನು ತಡೆಯಿತು, ನೆಲದಡಿಯದನ್ನು ಬಿಟ್ಟಿತು. ಭಾರತವೂ ಸಹಿ ಹಾಕಿತು. ರಾಜಾಜಿ 1972ರ ಡಿಸೆಂಬರಿನಲ್ಲಿ ತೀರಿಕೊಂಡರು. 1974ರ ಮೇ 18ರಂದು ಪೋಖ್ರಾನಿನಲ್ಲಿ ನಾವು ಸಿಡಿಸಿದ್ದು ನೆಲದಡಿಯಲ್ಲೇ. ಆ ನಿಷೇಧದ ಒಂದಕ್ಷರವನ್ನೂ ನಾವು ಮುರಿದಿರಲಿಲ್ಲ.